ಎರಡು ಪಾಸ್ಕದ ದಿಬ್ಬ

ಕಾವೇರಿಯಿಂದ ದಕ್ಷಿಣಕ್ಕೆ ಅರ್ಧ ದಿನದ ನಡಿಗೆಯಷ್ಟು ದೂರದಲ್ಲಿ, ಬಿಳಿಗಿರಿಯ ಸಾಲು ಮೋಡದ ಅಂಚಿನಂತೆ ಕಾಣುವ ಬಯಲಿನಲ್ಲಿ, ಗೂಡಿನಪಾಳ್ಯ ಎಂಬ ಕ್ರೈಸ್ತರ ಊರಿದೆ. ನೂರೈವತ್ತು ಮನೆ, ಒಂದು ದೇವಾಲಯ, ಒಂದು ಶಾಲೆ, ಒಂದು ಹಿಟ್ಟಿನ ಗಿರಣಿ. ಊರಿನ ಪಡುವಣ ಅಂಚಿನಲ್ಲಿ, ಹಳ್ಳದ ದಡದ ಮೇಲೆ, ಮೂರಾಳೆತ್ತರದ ಬೆಳ್ಳನೆಯ ದಿಬ್ಬವೊಂದು ನಿಂತಿದೆ. ಮೊದಲ ಸಲ ನೋಡುವವರ ಕಣ್ಣಿಗೆ ಅದು ಬಿಸಿಲಿನಲ್ಲಿ ಸುರಿದ ಉಪ್ಪಿನ ರಾಶಿ. ಹತ್ತಿರ ಹೋದರೆ ತಿಳಿಯುತ್ತದೆ, ಅದು ಸುಣ್ಣ ಸುಡುವ ಗೂಡುಗಳಿಂದ ತಲೆಮಾರುಗಟ್ಟಲೆ ಎಳೆದು ಹಾಕಿದ ಬೂದಿಯೂ ಬೇಯದೆ ಉಳಿದ ಕಲ್ಲೂ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಬಂಡೆಯಂತೆ ಗಟ್ಟಿಯಾದದ್ದು. ಮೇಲೆ ಹತ್ತಲು ಮೆಟ್ಟಿಲುಗಳಿವೆ, ನೆತ್ತಿಯ ಮೇಲೆ ಕಲ್ಲಿನ ಶಿಲುಬೆಯಿದೆ, ಅದರ ಮುಂದೆ ಮೂಡಣ ದಿಕ್ಕಿಗೆ ಒಂದರ ಹಿಂದೊಂದು ನೆಟ್ಟ ಎರಡು ಗಿಡ್ಡ ಕಲ್ಲುಗಳಿವೆ. ಸರ್ಕಾರಿ ಕಾಗದಗಳಲ್ಲಿ ಇದರ ಹೆಸರು ಸುಣ್ಣದ ದಿಣ್ಣೆ. ಊರವರು ಯಾರೂ ಹಾಗೆನ್ನುವುದಿಲ್ಲ. ಅವರಿಗದು ಎರಡು ಪಾಸ್ಕದ ದಿಬ್ಬ. ಯೇಸುಸ್ವಾಮಿ ಸತ್ತವರೊಳಗಿಂದ ಎದ್ದ ಪಾಸ್ಕ ಹಬ್ಬ ವರ್ಷಕ್ಕೆ ಒಂದೇ ಸಲ ಬರುವಾಗ ಇಲ್ಲಿ ಎರಡು ಹೇಗಾಯಿತು ಎಂದು ಕೇಳಿದರೆ, ಹಿರಿಯರು ಕೇಳಿದವರನ್ನು ಕೂರಿಸಿಕೊಂಡು, ಕುಡಿಯಲು ನೀರು ಕೊಟ್ಟು, ಜಪಮಾಲಮ್ಮನ ಮಾತು ತೆಗೆಯುತ್ತಾರೆ.

ಹಿಂದೆ ಒಮ್ಮೆ, ಈಗಿನವರಿಗೆ ಎಂಟು ತಲೆಮಾರು ಮೊದಲು, ಇಲ್ಲಿದ್ದದ್ದು ಮೂವತ್ತು ಗುಡಿಸಲು ಮತ್ತು ನಾಲ್ಕು ಗೂಡು ಮಾತ್ರ. ಹಳ್ಳದಲ್ಲಿ ಸುಣ್ಣದ ಕಲ್ಲು ಆರಿಸಿ, ಸುಟ್ಟು, ಕತ್ತೆಯ ಮೇಲೆ ಹೇರಿಕೊಂಡು ಸಂತೆಗೆ ಒಯ್ಯುವುದು ಅವರ ಕಸುಬು. ಅವರ ಅಜ್ಜಂದಿರ ಕಾಲದಲ್ಲಿ ಕಾವಿ ತೊಟ್ಟ ಪರದೇಶಿ ಗುರುಗಳೊಬ್ಬರು ಆ ದಾರಿಯಲ್ಲಿ ಬಂದು, ಗೂಡಿನ ಬಳಿ ಕೂತು, ಅವರ ಅಂಬಲಿಯನ್ನೇ ಉಂಡು, ಯೇಸುಸ್ವಾಮಿಯ ಕಥೆ ಹೇಳಿದರಂತೆ. ಪಾಳ್ಯಕ್ಕೆ ಪಾಳ್ಯವೇ ಜ್ಞಾನಸ್ನಾನ ಪಡೆಯಿತು. ಅಂದಿನಿಂದ ವರ್ಷಕ್ಕೊಮ್ಮೆ ಗುರುಗಳು ಕಾಲ್ನಡಿಗೆಯಲ್ಲಿ ಬರುವರು, ಹದಿನೈದು ದಿನ ಇದ್ದು ರೊಟ್ಟಿ ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುವರು, ಹುಟ್ಟಿದ ಕೂಸುಗಳಿಗೆ ಜ್ಞಾನಸ್ನಾನ ಕೊಡುವರು, ಮುಂದಿನ ಊರಿಗೆ ಹೋಗುವರು. ಉಳಿದ ದಿನಗಳಲ್ಲಿ ಜಪ ಹೇಳಿಸಿ ಮಕ್ಕಳಿಗೆ ಧರ್ಮ ಕಲಿಸುವುದು ಉಪದೇಶಿಯ ಕೆಲಸ. ನಮ್ಮ ಕಥೆಯ ಕಾಲಕ್ಕೆ ಗುರುಗಳಾಗಿದ್ದವರು ದಯಾನಾಥಸ್ವಾಮಿ, ಉಪದೇಶಿಯಾಗಿದ್ದವನು ಇನ್ನಾಸಪ್ಪ, ಅವನ ಹೆಂಡತಿ ಜಪಮಾಲಮ್ಮ.

ಆಗ ಸೀಮೆಯಲ್ಲಿ ದಂಡುಗಳ ಓಡಾಟ ಶುರುವಾಯಿತು. ದಾರಿಗಳು ಮುಚ್ಚಿದವು. ಕಾವಿ ತೊಟ್ಟ ಪರದೇಶಿಯನ್ನು ಕಂಡರೆ ಒಂದು ಕಡೆಯವರಿಗೆ ಇನ್ನೊಂದು ಕಡೆಯ ಗೂಢಚಾರನೆಂಬ ಗುಮಾನಿ. ದಯಾನಾಥಸ್ವಾಮಿ ಕೊನೆಯ ಸಲ ಬಂದಾಗ ಇದನ್ನೆಲ್ಲ ಊಹಿಸಿದ್ದರೆಂದು ಕಾಣುತ್ತದೆ. ಮುಂದಿನ ಆರು ವರ್ಷಗಳ ಹಬ್ಬದ ದಿನಗಳನ್ನು ಒಂದು ಓಲೆಯಲ್ಲಿ ಬರೆದು ಇನ್ನಾಸಪ್ಪನ ಕೈಗಿತ್ತು ಹೋದರು. ಎರಡನೆಯ ವರ್ಷ ಇನ್ನಾಸಪ್ಪ ಚಳಿಜ್ವರದಲ್ಲಿ ತೀರಿಕೊಂಡ. ಹೊಸ ಉಪದೇಶಿ ಯಾರೆಂದು ಊರಿನ ಗಂಡಸರು ಗೂಡಿನ ನೆರಳಲ್ಲಿ ಮೂರು ದಿನ ಮಾತಾಡಿದರು. ಒಬ್ಬನಿಗೆ ನಂಬಿಕೆಯ ಜಪ ಅರ್ಧ ಬರುತ್ತಿತ್ತು, ಮತ್ತೊಬ್ಬನಿಗೆ ಹತ್ತು ಕಟ್ಟಳೆಗಳಲ್ಲಿ ಏಳು. ಮೂರನೆಯ ದಿನ ಅವರ ಹಿಂದೆ ಮಕ್ಕಳ ದನಿ ಕೇಳಿಸಿತು. ತಿರುಗಿ ನೋಡಿದರೆ ಜಪಮಾಲಮ್ಮ ದಿಬ್ಬದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಹೇಳಿಸುತ್ತಿದ್ದಳು. ಊರಿನ ಯಜಮಾನ ರಾಯಪ್ಪ ಎದ್ದು, "ಇನ್ನು ಮಾತೇನು, ಉಪದೇಶಿ ಅಲ್ಲೇ ಕೂತವ್ಳೆ," ಎಂದನಂತೆ.

ಜಪಮಾಲಮ್ಮನಿಗೆ ಓದು ಬರುತ್ತಿರಲಿಲ್ಲ. ಓಲೆಯಲ್ಲಿದ್ದದ್ದನ್ನು ಗಂಡ ಬದುಕಿದ್ದಾಗಲೇ ಬಾಯಿಪಾಠ ಮಾಡಿಕೊಂಡಿದ್ದಳು. ಪುಸ್ತಕವಿಲ್ಲದ ಆಕೆ ವರ್ಷವನ್ನೇ ಪುಸ್ತಕ ಮಾಡಿಕೊಂಡಳು ಎನ್ನುತ್ತಾರೆ. ಕ್ರಿಸ್ತ ಜಯಂತಿಗೆ ಆರಿಹೋದ ಗೂಡಿನ ಬೆಚ್ಚನೆಯ ಬಾಯಲ್ಲಿ ಹುಲ್ಲು ಹಾಸಿ, ಆ ವರ್ಷ ಹುಟ್ಟಿದ ಊರಿನ ಕೂಸನ್ನೇ ಮಲಗಿಸಿ, ಮಕ್ಕಳೆಲ್ಲ ಒಬ್ಬೊಬ್ಬರಾಗಿ ಅದರ ಪಾದ ಮುಟ್ಟುವಂತೆ ಮಾಡುವಳು. ಕೂಸು ಯೇಸುವನ್ನು ಹುಡುಕಿ ಬಂದ ಮೂರು ರಾಯರ ಹಬ್ಬಕ್ಕೆ ಮಕ್ಕಳು ಕಂಬಳಿ ಹೊದ್ದು ಮನೆಮನೆಗೆ ಹೋಗಿ, "ಕೂಸು ಇಲ್ಲೈತಾ?" ಎಂದು ಕೇಳಬೇಕು, ಮನೆಯವರು "ಮುಂದ್ಕೆ ಹೋಗ್ರಪ್ಪ" ಎಂದು ಬೆಲ್ಲ ಕೊಟ್ಟು ಕಳಿಸಬೇಕು. ಮಾತೆ ಮರಿಯಮ್ಮ ಹುಟ್ಟಿದ ದಿನ ಹೊಲದ ಮೊದಲ ತೆನೆ ತರಬೇಕು. ಸತ್ತವರ ದಿನದಂದು ಪ್ರತಿ ಮಗುವೂ ತನ್ನ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೀಗೆ ಹಬ್ಬದಿಂದ ಹಬ್ಬಕ್ಕೆ ಕೈ ಹಿಡಿದು ನಡೆಸುತ್ತ, ಗುರುಗಳ ಮುಖವನ್ನೇ ನೋಡದ ಮಕ್ಕಳನ್ನು ಆಕೆ ವಿಶ್ವಾಸದಲ್ಲಿ ಬೆಳೆಸಿದಳು.

ಚಿಕ್ಕವರು ಸುಲಭವಾಗಿ ಬಂದರು. ಕಷ್ಟವಾದದ್ದು ಮೀಸೆ ಚಿಗುರುತ್ತಿದ್ದವರದು. ಅವರಲ್ಲಿ ಮುಂದಾಳು ಚೌರಿ, ಹತ್ತೊಂಬತ್ತು ವರ್ಷದ ಎತ್ತರದ ಹುಡುಗ, ಕತ್ತೆಗಳ ಸಾಲು ಹೊಡೆದುಕೊಂಡು ಮೂರು ಸಂತೆ ಸುತ್ತಿ ಬರುತ್ತಿದ್ದವನು. ಹೊರಗಿನ ಲೋಕ ಕಂಡವನಿಗೆ ಊರಿನ ಜಪ ಸಣ್ಣದಾಗಿ ಕಂಡಿತು. "ಗುರುಗಳಿಲ್ಲ, ಪೂಜೆಯಿಲ್ಲ. ಅಜ್ಜಿ ಕಥೆ ಕೇಳೋಕೆ ನಾವೇನು ತೊಟ್ಟಿಲ ಮಕ್ಕಳಾ?" ಎಂದು ಅವನು ಭಾನುವಾರದ ಜಪಕ್ಕೆ ಬರುವುದು ಬಿಟ್ಟ. ಅವನ ಹಿಂದೆ ಹತ್ತು ಹನ್ನೆರಡು ಮಂದಿ ಬಿಟ್ಟರು. ಜಪಮಾಲಮ್ಮ ಬೈಯಲಿಲ್ಲ. ಒಂಬತ್ತನೆಯ ವರ್ಷ, ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ಮೊದಲು, ಆಕೆ ನೆಟ್ಟಗೆ ಗೂಡಿನ ಬಳಿ ಹೋಗಿ, ಕಲ್ಲು ಒಡೆಯುತ್ತಿದ್ದ ಚೌರಿಯ ಮುಂದೆ ನಿಂತು, "ಈ ಸಲ ಶಿಲುಬೆ ದೊಡ್ಡದು ಮಾಡಿಸ್ತಿದೀನಿ, ಹೊರೋಕೆ ನನ್ನ ಹೆಗಲು ಸಾಲಲ್ಲ. ನಿನ್ನ ಹೆಗಲು ಕೊಡು. ನಂಬಿಕೆ ಆಮೇಲೆ ನೋಡಾನ," ಎಂದಳು. ಚೌರಿ ನಕ್ಕ. ಆದರೆ ಮರುದಿನ ಬಂದು ಹೊನ್ನೆ ಮರದ ತೊಲೆಯನ್ನು ತಾನೇ ಕೆತ್ತಿದ. ಅವನ ಜೊತೆಯವರೂ ಬಂದರು. ನಲವತ್ತು ದಿನದ ಉಪವಾಸಕ್ಕೂ ಕೂತರು. ಅಷ್ಟು ವರ್ಷಗಳಲ್ಲಿ ಜಪಮಾಲಮ್ಮನ ಎದೆ ಅಷ್ಟು ಹಗುರಾಗಿದ್ದದ್ದು ಅದೇ ಮೊದಲು.

ಆದರೆ ಓಲೆಯ ಲೆಕ್ಕ ಆರನೆಯ ವರ್ಷಕ್ಕೇ ಮುಗಿದಿತ್ತು. ಕ್ರಿಸ್ತ ಜಯಂತಿಯಂಥ ಹಬ್ಬಗಳ ತೊಂದರೆಯಿರಲಿಲ್ಲ. ದಿನಕ್ಕೊಂದು ಕಲ್ಲಿನಂತೆ ಗಡಿಗೆಗೆ ಹಾಕಿ ಎಣಿಸುತ್ತಿದ್ದಳು. ಪಾಸ್ಕ ಮಾತ್ರ ಚಂದ್ರನ ಜೊತೆ ಓಡಾಡುವ ಹಬ್ಬ. ಹಿಂದಿನ ಆರು ವರ್ಷಗಳನ್ನು ನೆನೆದು ನೋಡಿದಾಗ ಆಕೆಗೊಂದು ಜಾಡು ಸಿಕ್ಕಿತ್ತು. ನೆರೆಯ ಊರಿನವರು ಯುಗಾದಿಗೆ ವರ್ಷದ ಮೊದಲ ಉಳುಮೆಯ ಹೊನ್ನಾರು ಕಟ್ಟುತ್ತಾರಲ್ಲ, ಅದಾದ ಮೇಲೆ ಬರುವ ಹುಣ್ಣಿಮೆ ನೋಡಬೇಕು, ಅದರ ಮೇಲಿನ ಭಾನುವಾರವೇ ಪಾಸ್ಕ. ಆರು ವರ್ಷವೂ ಹಾಗೇ ಬಂದಿತ್ತು. ಆ ಜಾಡು ಹಿಡಿದು ಎರಡು ವರ್ಷ ಹಬ್ಬ ಮಾಡಿಸಿದಳು. ಮೂರನೆಯ ವರ್ಷವೂ ಹಾಗೆಯೇ ಎಣಿಸಿದಳು. ಪಾಸ್ಕಕ್ಕೆ ವಾರ ಮೊದಲಿನ ಗರಿಗಳ ಭಾನುವಾರ ಮಕ್ಕಳು ಈಚಲು ಗರಿ ಹಿಡಿದು ಊರು ಸುತ್ತಿದರು. ಬುಧವಾರ ಮಧ್ಯಾಹ್ನ, ಶುಕ್ರವಾರದ ಶಿಲುಬೆ ಮೆರವಣಿಗೆಗೆ ಎರಡೇ ದಿನ ಉಳಿದಿರುವಾಗ, ಹಳ್ಳದ ಆಚೆಯಿಂದ ಕೋಲೂರಿಕೊಂಡು ಒಬ್ಬ ಮುದುಕ ಕುಂಟುತ್ತ ಬಂದ. ಗಡ್ಡ ಎದೆಯವರೆಗೆ, ಮೈಮೇಲಿದ್ದದ್ದು ಕುರುಬರ ಹರಿದ ಕಂಬಳಿ. ಮಕ್ಕಳು ಯಾರೋ ಭಿಕ್ಷುಕನೆಂದುಕೊಂಡರು. ಜಪಮಾಲಮ್ಮ ಮಾತ್ರ ನಡಿಗೆ ನೋಡಿ, ಕೈಯಲ್ಲಿದ್ದ ಮೊರ ಬಿಟ್ಟು ಓಡಿದಳು. ದಯಾನಾಥಸ್ವಾಮಿ ಒಂಬತ್ತು ವರ್ಷಗಳ ಮೇಲೆ ತಮ್ಮ ಪಾಳ್ಯಕ್ಕೆ ಬಂದಿದ್ದರು.

ಊರೆಲ್ಲ ಅತ್ತು ನಕ್ಕು ಕಾಲಿಗೆ ಬಿದ್ದು ಮುಗಿದ ಮೇಲೆ ಸ್ವಾಮಿಯ ಕಣ್ಣು ಬಾಗಿಲುಗಳಿಗೆ ಸಿಕ್ಕಿಸಿದ್ದ ಈಚಲು ಗರಿಗಳ ಮೇಲೆ ಬಿತ್ತು. ತಾವು ಕೊಟ್ಟ ಬೆಲ್ಲವನ್ನು ಒಂದು ಮಗುವೂ ಬಾಯಿಗಿಡದೆ, ಉಪವಾಸವೆಂದು ಮಡಿಲಲ್ಲಿ ಕಟ್ಟಿಕೊಳ್ಳುವುದನ್ನು ಕಂಡರು. ಜಪಮಾಲಮ್ಮನನ್ನೂ ರಾಯಪ್ಪನನ್ನೂ ಮಾತ್ರ ಒಳಗೆ ಕರೆದು, ಮೆಲ್ಲನೆ ಹೇಳಿದರು: ಪಾಸ್ಕ ಮುಗಿದು ಮೂರು ವಾರ ಮೂರು ದಿನ ಆಯಿತು. ಯುಗಾದಿಯಿಂದ ಎಣಿಸುವುದಲ್ಲ, ಹಗಲೂ ಇರುಳೂ ಸಮವಾದ ದಿನದಿಂದ ಎಣಿಸಬೇಕು. ಹೆಚ್ಚಿನ ವರ್ಷ ಎರಡೂ ಒಂದೇ ಹುಣ್ಣಿಮೆಗೆ ಬಂದು ಸೇರುತ್ತವೆ. ಈ ವರ್ಷ ಯುಗಾದಿ ತಡವಾಗಿತ್ತು. ಕಾಮನ ಹುಣ್ಣಿಮೆಯ ಬೆನ್ನಿಗೇ ಪಾಸ್ಕ ಬಂದು ಹೋಗಿತ್ತು.

ಮೊದಲು ಮಾತಾಡಿದವನು ರಾಯಪ್ಪ. "ಬುದ್ಧಿ, ಇದು ಈ ಮೂರು ಜನದಲ್ಲೇ ಇರ್ಲಿ. ಹುಡುಗ್ರು ಈಗ ತಾನೇ ದಾರಿಗೆ ಬಂದವ್ರೆ. ಇದೇ ತಪ್ಪು ಅಂತ ಗೊತ್ತಾದ್ರೆ ನಾಳೆ ಯಾವುದನ್ನ ನಂಬ್ತಾರೆ? ಭಾನುವಾರ ಹಬ್ಬ ಮಾಡಿ ಮುಗ್ಸಾನ. ಮುಂದಿನ ವರ್ಷದಿಂದ ಸರಿ ಮಾಡ್ಕಂಡ್ರಾಯ್ತು." ಸ್ವಾಮಿ ಜಪಮಾಲಮ್ಮನ ಕಡೆ ನೋಡಿದರು. "ನಾನು ಸುಳ್ಳು ಹೇಳಲಾರೆ. ಆದರೆ ಈ ಮಕ್ಕಳು ನಿನ್ನವರು ತಾಯಿ. ಹೇಳುವವಳು ನೀನಾಗಬೇಕು," ಎಂದಷ್ಟೇ ಹೇಳಿ, ದಣಿವಿಗೆ ಚಾಪೆಯ ಮೇಲೆ ಮಲಗಿಕೊಂಡರು.

ಆಕೆ ಹೊರಗೆ ಬಂದು ಆರಿದ ಗೂಡಿನ ಪಕ್ಕ ಒಬ್ಬಳೇ ನಿಂತಳು. ಲೋಕವೆಲ್ಲ ಎದ್ದ ಯೇಸುಸ್ವಾಮಿಯನ್ನು ಹಾಡುತ್ತಿದ್ದ ತಿಂಗಳು ತಾನು ಈ ಕೂಸುಗಳ ಹೊಟ್ಟೆ ಕಟ್ಟಿಸಿ ಅಳಿಸಿದೆನಲ್ಲ ಎಂಬ ಸಂಕಟ ಒಂದು ಕಡೆ. ಓದಿಲ್ಲದ ಹೆಂಗಸು ಇಷ್ಟಕ್ಕೆ ಕೈ ಹಾಕಬಾರದಿತ್ತು ಎಂಬ ನಾಚಿಕೆ ಇನ್ನೊಂದು ಕಡೆ. ರಾಯಪ್ಪನ ಮಾತು ತಪ್ಪೆಂದೂ ಆಕೆಗೆ ಅನಿಸಲಿಲ್ಲ; ಅವನು ಮಕ್ಕಳ ಒಳ್ಳೆಯದಕ್ಕೇ ಹೇಳಿದ್ದ. ಆದರೆ ಭಾನುವಾರ ಮುಂಜಾನೆ ಆ ಮಕ್ಕಳ ಮುಂದೆ ನಿಂತು "ಇವತ್ತು ಎದ್ದ" ಎಂದು ಹೇಳುವುದನ್ನು ನೆನೆದುಕೊಂಡಾಗ ಅದು ತನ್ನಿಂದಾಗದು ಎಂದು ತಿಳಿಯಿತು. ಅಷ್ಟು ವರ್ಷ ಆ ಮಾತನ್ನು ತಿಳಿದಷ್ಟೂ ನಿಜವಾಗಿ ಹೇಳಿದ್ದಳು. ಗೊತ್ತಿದ್ದೂ ಒಂದು ಸಲ ಸುಳ್ಳಾಗಿ ಹೇಳಿಬಿಟ್ಟರೆ ಆ ಬಾಯಿಂದ ಇನ್ನು ಯಾವುದನ್ನು ಹೇಳುವುದು? ಸೆರಗಿನಿಂದ ಮುಖ ಒರೆಸಿಕೊಂಡು, ಮಕ್ಕಳನ್ನು ಕರೆಯುವ ಕಂಚಿನ ತಟ್ಟೆ ತೆಗೆದು ಬಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕವರು, ದೊಡ್ಡವರು, ಚೌರಿಯ ಗುಂಪು, ಎಲ್ಲರೂ ದಿಬ್ಬದ ಮೇಲೆ ಕೂಡಿದರು. ಜಪಮಾಲಮ್ಮ ಕೂರಲಿಲ್ಲ. ನಿಂತೇ, ಸುತ್ತಿ ಬಳಸದೆ, "ಮಕ್ಕಳೇ, ನಾನು ತಪ್ಪು ಎಣಿಸಿದೆ. ಪಾಸ್ಕ ಮುಗಿದುಹೋಯ್ತು. ನಾಲ್ಕು ವಾರದ ಹಬ್ಬದ ಊಟ ನಿಮ್ಮ ಬಾಯಿಂದ ನಾನು ಕಿತ್ಕೊಂಡೆ," ಎಂದಳು. ಆಮೇಲೆ ಚೌರಿ ಎದ್ದ. ಅವನ ಹೆಗಲಿನ ಮೇಲೆ ತೊಲೆ ಹೊತ್ತು ಅಭ್ಯಾಸ ಮಾಡಿದ ಗಾಯದ ಗುರುತಿತ್ತು. "ಹಂಗಾದ್ರೆ ನೀನು ಹೇಳಿಕೊಟ್ಟ ಮಿಕ್ಕಿದ್ದು? ಅದೂ ಹಿಂಗೇನಾ? ಆತ ಎದ್ದಿದ್ದೂ ಲೆಕ್ಕ ತಪ್ಪಿದ್ದಾ?"

"ಹುಣ್ಣಿಮೆ ಎಣಿಸಿದೋಳು ನಾನು," ಎಂದಳು ಜಪಮಾಲಮ್ಮ. "ತಪ್ಪು ನಂದು. ಆತ ಎದ್ದಿದ್ದು ನನ್ನ ಎಣಿಕೆಯಿಂದಲ್ಲ ಮಗ. ನಾನು ತಪ್ಪಿದ ದಿನವೂ ಆತ ಎದ್ದೇ ಇದ್ದ. ನಾನು ಮಲಗಿದ್ದೆ, ಅಷ್ಟೆ."

ಚೌರಿ ದಿಬ್ಬ ಇಳಿದು ಹೊರಟ. ಅವನ ಹಿಂದೆ ಅವನ ಗೆಳೆಯರೂ ಇಳಿದರು. ಒಂಬತ್ತು ವರ್ಷದ ದುಡಿಮೆ ಕಣ್ಣೆದುರೇ ಇಳಿದು ಹೋಗುವುದನ್ನು ಜಪಮಾಲಮ್ಮ ನೋಡುತ್ತ ನಿಂತಳು. ಚಿಕ್ಕ ಮಗುವೊಂದು ಆಕೆಯ ಸೆರಗು ಜಗ್ಗಿ, "ಅವ್ವ, ಹಂಗಾದ್ರೆ ಬೆಲ್ಲ ಈಗ್ಲೇ ತಿನ್ಬೋದಾ?" ಎಂದು ಕೇಳಿತು. ಆಕೆಗೆ ಅಳುವಿನ ನಡುವೆ ನಗು ಬಂತು. "ತಿನ್ನು ಕಂದ," ಎಂದಳು.

ಆದರೆ ಚೌರಿ ಮನೆಗೆ ಹೋಗಿರಲಿಲ್ಲ. ಸ್ವಾಮಿ ಮಲಗಿದ್ದ ಗುಡಿಸಲಿಗೆ ಹೋಗಿ, ನಮಸ್ಕಾರ ಸಹ ಮಾಡದೆ, ಬಾಗಿಲಲ್ಲೇ ನಿಂತು, "ನೀವು ಪಾಸ್ಕ ಎಲ್ಲಿ ಮಾಡಿದ್ರಿ?" ಎಂದು ಕೇಳಿದ. ಸ್ವಾಮಿ ಎದ್ದು ಕೂತರು. ನದಿಯಾಚೆಯ ಊರೊಂದರ ದನದ ಕೊಟ್ಟಿಗೆಯಲ್ಲಿ ಎಂದರು. ಹನ್ನೊಂದು ಜನ ಇದ್ದರು. ಹೊರಗೆ ದಂಡಿನ ಕುದುರೆಗಳು ಓಡಾಡುತ್ತಿದ್ದವು, ಆದ್ದರಿಂದ ಗಂಟೆ ಬಾರಿಸಲಿಲ್ಲ, ಹಾಡಲಿಲ್ಲ, ಪಾಸ್ಕದ ಜಯಕಾರವಾದ ಅಲ್ಲೆಲೂಯ ಎಂಬ ಮಾತನ್ನು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿ ದಾಟಿಸಿದರು. ಮುದುಕಿಯೊಬ್ಬಳು ದನಿ ಹೊರಡಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಚೌರಿ ಬಾಗಿಲು ದಾಟಿ ಒಳಗೆ ಬಂದ. ಆಮೇಲೆ, "ಅವ್ರಿಗೆ ದಿನ ಸಿಕ್ತು, ದನಿ ಸಿಗ್ಲಿಲ್ಲ. ನಮ್ಗೆ ದಿನ ತಪ್ತು. ದನಿ ಐತಲ್ಲ ಸ್ವಾಮಿ? ಅವ್ರ ಪಾಲಿನ ಹಾಡು ನಾವು ಹಾಡಿದ್ರೆ ಆಗಲ್ವಾ?" ಎಂದ.

ದಯಾನಾಥಸ್ವಾಮಿ ಕೋಲು ಹುಡುಕಿ ಎದ್ದು ನಿಂತರು. ಅವರ ಗಡ್ಡ ಒದ್ದೆಯಾಗಿತ್ತು ಎನ್ನುತ್ತಾರೆ. "ಪಾಸ್ಕ ಒಂದು ದಿನದಲ್ಲಿ ಮುಗಿಯುವುದಲ್ಲ ಮಗನೇ. ಐವತ್ತು ದಿನ ಅದರ ದೀಪ ಉರಿಯುತ್ತದೆ. ಪ್ರತಿ ಭಾನುವಾರವೂ ಆತ ಎದ್ದ ದಿನವೇ. ನಡೆ, ಹೇಳೋಣ," ಎಂದು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ದಿಬ್ಬ ಹತ್ತಿದರು. ಮೇಲಿದ್ದ ಜಪಮಾಲಮ್ಮನಿಗೆ ಮೊದಲು ಕಂಡದ್ದು ಚೌರಿಯ ತಲೆ. ಅವನು ಹತ್ತಿರ ಬಂದು, "ಅವ್ವ, ಶಿಲುಬೆ ಹೊರ್ತೀನಿ. ಶುಕ್ರವಾರ ಅಲ್ಲ, ಭಾನುವಾರ. ಅಳ್ತಾ ಅಲ್ಲ," ಎಂದನಂತೆ. ಆಕೆ ಅವನ ಗಾಯದ ಹೆಗಲನ್ನು ಮುಟ್ಟಿದಳು.

ಆ ಸಂಜೆಯೇ ಉಪವಾಸ ಮುರಿದರು. ಮುಂದಿನ ಮೂರು ದಿನ ಪಾಳ್ಯದಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಸುಣ್ಣ ಅವರ ಕಸುಬು ತಾನೆ. ಹುಡುಗರು ಗಡಿಗೆಗಟ್ಟಲೆ ಸುಣ್ಣ ತಣಿಸಿ, ಬೂದಿ ಬಣ್ಣದ ದಿಬ್ಬವನ್ನು ಬುಡದಿಂದ ನೆತ್ತಿಯವರೆಗೆ ಬಳಿದರು. ಹೆಣ್ಣುಮಕ್ಕಳು ಹೊಂಗೆಯ ಹೂವು ಮಂಕರಿ ತುಂಬ ತಂದು ಹೊನ್ನೆ ಮರದ ಶಿಲುಬೆಯನ್ನು ಮುಚ್ಚಿದರು. ರಾಯಪ್ಪ ಎರಡು ಕುರಿ ಕೊಟ್ಟು, "ನಾನೂ ಒಂದು ತಪ್ಪು ಲೆಕ್ಕ ಹಾಕಿದ್ದೆ, ಅದಕ್ಕೆ," ಎಂದ. ಭಾನುವಾರ ಸೂರ್ಯ ಮೂಡುವಾಗ ಚೌರಿ ಮತ್ತು ಅವನ ಜೊತೆಯವರು ಶಿಲುಬೆ ಹೊತ್ತು ದಿಬ್ಬ ಹತ್ತಿದರು. ಒಂಬತ್ತು ವರ್ಷಗಳ ಮೇಲೆ ಅಲ್ಲಿ ಬಲಿಪೂಜೆ ನಡೆಯಿತು. ಆ ಒಂಬತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಜ್ಞಾನಸ್ನಾನ ಕೊಡುವಾಗ ಸ್ವಾಮಿ ಮಾತು ಬರುವ ಒಬ್ಬೊಬ್ಬರನ್ನೂ ಪ್ರಶ್ನೆ ಕೇಳಿದರು. ಒಂದು ಮಗುವೂ ತಡವರಿಸಲಿಲ್ಲ. ಕಲಿಸಿದವಳ ಕಡೆ ಅವರು ತಿರುಗಿ ನೋಡಿದಾಗ ಜಪಮಾಲಮ್ಮ ಜನರ ಹಿಂದೆ, ಮಡಕೆಗಳ ಬಳಿ, ತಲೆ ತಗ್ಗಿಸಿ ನಿಂತಿದ್ದಳು. ಅಲ್ಲೆಲೂಯ ಹಾಡುವ ಹೊತ್ತು ಬಂದಾಗ ಚೌರಿ ಎತ್ತಿದ ದನಿ, ಅದಕ್ಕೆ ಊರು ಕೂಡಿಸಿದ ದನಿ, ನೆರೆಯ ಊರಿನ ಹೊಲಗಳವರೆಗೆ ಕೇಳಿಸಿತಂತೆ. ಅಲ್ಲಿಯವರು ಏನಾಯಿತೋ ಎಂದು ಓಡಿಬಂದು, ಹಬ್ಬವೆಂದು ತಿಳಿದು, ಉಂಡೇ ಹೋದರು.

ಸ್ವಾಮಿ ಹೊರಡುವ ಮುನ್ನ, ನೆಟ್ಟ ಕೋಲಿನ ನೆರಳು ಅಳೆದು ನೇರ ಮೂಡಣವನ್ನು ಗುರುತಿಸಿ, ದಿಬ್ಬದ ಮೇಲೆ ಎರಡು ಕಲ್ಲು ನೆಡಿಸಿದರು. ಶಿಶಿರ ಕಳೆಯುವಾಗ ಆ ಕಲ್ಲುಗಳ ನೇರಕ್ಕೆ ಸೂರ್ಯ ಹುಟ್ಟುವ ದಿನವೇ ಹಗಲಿರುಳು ಸಮವಾಗುವ ದಿನ. ಅಲ್ಲಿಂದ ಹುಣ್ಣಿಮೆ, ಹುಣ್ಣಿಮೆಯಿಂದ ಭಾನುವಾರ. ಇದನ್ನು ಜಪಮಾಲಮ್ಮನಿಗೊಬ್ಬಳಿಗೇ ಹೇಳಿಕೊಡಲು ಹೋದಾಗ ಆಕೆ ತಡೆದಳು. "ನನಗೊಬ್ಬಳಿಗೆ ಬೇಡ ಸ್ವಾಮಿ. ಎಲ್ಲಾ ಮಕ್ಕಳಿಗೂ ಹೇಳಿ. ನಾನು ತಪ್ಪಿದ್ರೆ ಅವ್ರು ನನ್ನ ತಿದ್ಲಿ," ಎಂದಳು. ಆ ಮಕ್ಕಳು ಆಕೆಯನ್ನು ತಿದ್ದುವ ಪ್ರಸಂಗ ಮತ್ತೆ ಬರಲಿಲ್ಲ. ಆಕೆ ಇನ್ನೂ ಹದಿನಾರು ವರ್ಷ ಬದುಕಿ, ಆ ಮಕ್ಕಳ ಮಕ್ಕಳಿಗೂ ಕಲಿಸಿದಳು. ಆಕೆಯ ನಂತರ ಉಪದೇಶಿಯಾದವನು ಚೌರಿ. ಸಂತೆಯಿಂದ ಸಂತೆಗೆ ಹೋಗುವಾಗ ಅವನು ಸುಣ್ಣದ ಜೊತೆ ಹಬ್ಬದ ದಿನಗಳನ್ನೂ ಊರಿಂದೂರಿಗೆ ತಲುಪಿಸುತ್ತಿದ್ದ ಎನ್ನುತ್ತಾರೆ.

ಈಗ ಗೂಡುಗಳಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತದೆ. ಪಾಸ್ಕ ಯಾವಾಗೆಂದು ಯಾರೂ ಎಣಿಸಬೇಕಾಗಿಲ್ಲ. ಆದರೂ ಗೂಡಿನಪಾಳ್ಯದ ಮಕ್ಕಳು ಮಾರ್ಚ್ ತಿಂಗಳ ಮುಂಜಾನೆಗಳಲ್ಲಿ ಆ ಎರಡು ಕಲ್ಲುಗಳ ಹಿಂದೆ ಮೊಣಕಾಲೂರಿ ಕೂತು ಸೂರ್ಯನನ್ನು ಕಾಯುತ್ತಾರೆ. ಲೋಕದ ಜೊತೆ ಒಂದು ಪಾಸ್ಕವನ್ನು ದೇವಾಲಯದಲ್ಲಿ ಆಚರಿಸಿ, ಅದಾದ ನಾಲ್ಕನೆಯ ಭಾನುವಾರ ಊರು ಹೊಸದಾಗಿ ಸುಣ್ಣ ಬಳಿದ ದಿಬ್ಬವನ್ನು ಮತ್ತೆ ಹತ್ತುತ್ತದೆ. ಅಂದು ಮುಂದೆ ನಿಲ್ಲುವವರು ಯುವಕ ಯುವತಿಯರು. ಹಿರಿಯರ ಜಾಗ ಕೆಳಗಿನ ಮೆಟ್ಟಿಲು. ಅಂದು ಮಕ್ಕಳಿಗೆ ಬೋಧಿಸಲು ನಿಲ್ಲುವವರು ಯಾರೇ ಇರಲಿ, ಮೊದಲು ತಮ್ಮ ಒಂದು ತಪ್ಪನ್ನು ಹೇಳಿಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ಕಳೆದ ವರ್ಷ ಹೊಸದಾಗಿ ಬಂದ ಗುರುಗಳು, ಕಾಲೇಜಿನಲ್ಲಿದ್ದಾಗ ಎರಡು ವರ್ಷ ತಾವು ದೇವಾಲಯದ ಕಡೆ ತಲೆ ಹಾಕಿರಲಿಲ್ಲವೆಂದು ಹೇಳಿ ಕೆಂಪಾದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ದಿನ ನೋಡಲು ಬಂದಿದ್ದ ಊರಾಚೆಯವರೊಬ್ಬರು ಎದುರಿಗಿದ್ದ ಏಳೆಂಟು ವರ್ಷದ ಹುಡುಗಿಯನ್ನು, "ಇದು ತಪ್ಪಾಗಿ ಮಾಡಿದ ಪಾಸ್ಕ ಅಲ್ವೇನಮ್ಮ?" ಎಂದು ಕೇಳಿದರು. ಹುಡುಗಿ ಅವರನ್ನು ಕರುಣೆಯಿಂದ ನೋಡಿ, "ಅಲ್ಲ. ಇದು ಗಟ್ಟಿಯಾಗಿ ಹಾಡೋ ಪಾಸ್ಕ," ಎಂದು ಹೇಳಿ, ಮೆಟ್ಟಿಲು ಹತ್ತಿ ಓಡಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಎದ್ದ ಹಾಡು ಹಳ್ಳ ದಾಟಿ, ಹೊಲ ದಾಟಿ, ಬಸ್ಸು ಕಾಯುತ್ತ ನಿಂತವರಿಗೂ ಕೇಳಿಸಿತು.